ಸಾಕ್ಷಿ ಮಾಸ್ತರು

ನಮ್ಮ ಬೆಟಗೇರಿ ಸಭೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಸಾಕ್ಷಿ ಮಾಸ್ತರು ಅಂದರೆ ಸಾಕು. ಶಾಲೆಯಿಂದ ನಿವೃತ್ತರಾದ ಮೇಲೆ, ದಿನನಿತ್ಯದ ಮಾತುಕತೆಯಲ್ಲೇ ಸುವಾರ್ತೆ ಹೇಳುವುದು ಹೇಗೆಂದು ಕಲಿಸುವ ಶಿಬಿರವೊಂದಕ್ಕೆ ಹೋಗಿ ಬಂದರು. ಅಂದಿನಿಂದ ಅವರ ಜೊತೆ ದಿನನಿತ್ಯದ ಮಾತುಕತೆ ಯಾರಿಗೂ ಸಾಧ್ಯವಾಗಿಲ್ಲ.

ಉಳ್ಳಾಗಡ್ಡಿ ರೇಟು ಬಿತ್ತು ಅನ್ನಿ. "ಇಸ್ರಾಯೇಲ್ಯರೂ ಐಗುಪ್ತದ ಉಳ್ಳಾಗಡ್ಡಿ ನೆನಸಿಕೊಂಡು ಅತ್ತಿದ್ರು ನೋಡ್ರಿ, ಅರಣ್ಯಕಾಂಡ ಹನ್ನೊಂದು" ಎಂದು ಶುರು. (ರಾಮಾಯಣದ್ದಲ್ಲ, ಸತ್ಯವೇದದ್ದು.) ಹುಬ್ಬಳ್ಳಿ ಬಸ್ಸು ತಡವಾದರೆ ಹತ್ತು ಮಂದಿ ಕನ್ಯೆಯರು ದೀಪ ಹಿಡಿದು ಬರುತ್ತಾರೆ. ಸೊಸೈಟಿ ಸಾಲದ ಮಾತೆತ್ತಿದರೆ ಬಸ್ಸು ಬಂದರೂ ನಿಮಗೆ ಬಿಡುಗಡೆಯಿಲ್ಲ.

ಶಿಬಿರದಲ್ಲಿ ಕಲಿಸಿದ ಮೊದಲ ಪಾಠ ಸಮಾರ್ಯದ ಬಾವಿಯದು. ಯೇಸು ಆ ಹೆಣ್ಣುಮಗಳಿಗೆ ಉಪದೇಶ ಮಾಡುವ ಮೊದಲು ಕುಡಿಯಲು ನೀರು ಕೇಳಿದ. ನೀವೂ ಏನಾದರೂ ಕೇಳಿ ಮಾತು ತೆಗೆಯಿರಿ ಎಂದರಂತೆ. ಆದರೆ ನಮ್ಮ ಕಡೆ ಹೊಸ್ತಿಲು ದಾಟುವಷ್ಟರಲ್ಲಿ ತಂಬಿಗೆ ನೀರು, ಬೆಲ್ಲದ ಚೂರು ಮುಂದೆ ಬಂದಿರುತ್ತದೆ. ಕೇಳುವುದಕ್ಕೆ ಏನು ಉಳಿಯಿತು? ಮಾಸ್ತರು ನಿಯಮ ಬಿಡುವವರಲ್ಲ. ಗಟಗಟ ಕುಡಿದು, "ಇನ್ನೊಂದು ತಂಬಗಿ ಸಿಗತದೇನ್ರಿ?" ಎನ್ನುತ್ತಾರೆ. ನಾಲ್ಕನೆಯ ಮನೆಯ ಹೊತ್ತಿಗೆ ಅವರು ಕೇಳಬೇಕಾದದ್ದು ನೀರನ್ನಲ್ಲ, ಬಚ್ಚಲ ಎಲ್ಲಿದೆ ಎಂದು.

ಎರಡನೆಯ ಪಾಠ ಅಮೆರಿಕದಿಂದ ಬಂದದ್ದು. ಫ್ಲೋರಿಡಾದ ಪಾಸ್ಟರ್ ಜೇಮ್ಸ್ ಕೆನಡಿ 1962ರಲ್ಲಿ 'ಇವ್ಯಾಂಜೆಲಿಸಂ ಎಕ್ಸ್‌ಪ್ಲೋಶನ್' ಎಂಬ ತರಬೇತಿ ಆರಂಭಿಸಿದರು. ಅದರ ಹೆಸರಾಂತ ಪ್ರಶ್ನೆ: ಇವತ್ತು ರಾತ್ರಿಯೇ ನೀವು ಸತ್ತರೆ ಸ್ವರ್ಗಕ್ಕೆ ಹೋಗುವುದು ಖಚಿತವೇ? ಫ್ಲೋರಿಡಾದವರು ಇದಕ್ಕೆ ಏನೆನ್ನುತ್ತಾರೋ ಏನೋ, ನಮ್ಮ ಓಣಿಯ ಅಜ್ಜಿ ಸೇವಿಗೆ ಹೊಸೆಯುವುದನ್ನು ಬಿಟ್ಟು ಚೀರಿದಳು: "ಬಿಡ್ತು ಅನ್ರಿ ಮಾಸ್ತರ, ಬಿಡ್ತು ಅನ್ರಿ!" ಮಾಸ್ತರು ಬಿಡ್ತು ಅನ್ನಬೇಕಾಯಿತು. ಸೊಸೆ ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಘಾಟಿಗೆ ಎಲ್ಲರೂ ಕೆಮ್ಮುವಾಗ ಸ್ವರ್ಗದ ವಿಷಯ ಮುಂದುವರಿಯಲಿಲ್ಲ.

ಹಾಗೆಂದು ಈ ಊರಿಗೆ ಸುವಾರ್ತೆ ಹೊಸದಲ್ಲ. ಬಾಸೆಲ್ ಮಿಷನ್ನಿನವರು ಬೆಟಗೇರಿಗೆ ಬಂದದ್ದು 1841ರಲ್ಲಿ. ಕಿಟೆಲ್ ಸಾಹೇಬರು ನಿಘಂಟಿಗಿಂತ ಎಷ್ಟೋ ಮೊದಲು, 1862ರಲ್ಲೇ, 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿಗೆ ಕೂರಿಸಿದ್ದರು. ಇಲ್ಲಿಯ ಜನರ ಕಿವಿಗೆ ಯಾವ ಧಾಟಿ ಹಿಡಿಸುತ್ತದೆಂದು ಜರ್ಮನಿಯಿಂದ ಬಂದವರಿಗೆ ತಿಳಿದಿತ್ತು. ಬೆಟಗೇರಿಯಲ್ಲೇ ಹುಟ್ಟಿದ ಮಾಸ್ತರಿಗೆ ಶಿಬಿರ ಬೇಕಾಯಿತು. ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆ ಇಂದಿಗೂ 'ಜರ್ಮನ್ ದವಾಖಾನೆ'ಯೇ. ಅಲ್ಲಿ ಹೆರಿಗೆಯಾದ ತಾಯಂದಿರಿಗೆ ಮಾಸ್ತರ ಕರಪತ್ರದ ಪರಿಚಯ ಬೇಕಿಲ್ಲ.

ಆದರೆ ಮಾಸ್ತರ ನಿಜವಾದ ಕಷ್ಟ ಬೇರೆ. ಶಿಬಿರದವರು ಅವರನ್ನು ವಿರೋಧಕ್ಕೆ ತಯಾರು ಮಾಡಿ ಕಳಿಸಿದ್ದಾರೆ; ಇಲ್ಲಿ ಎಲ್ಲರೂ ಒಪ್ಪಿಬಿಡುತ್ತಾರೆ. ಮೊನ್ನೆ ಕಟಿಂಗ್ ಅಂಗಡಿಯಲ್ಲಿ ನನ್ನ ಪಾಳಿಗೆ ಕಾಯುತ್ತಿದ್ದೆ. ಕುರ್ಚಿಯಲ್ಲಿ ಮಾಸ್ತರು.

"ದೇವರು ಒಬ್ಬನ ಅದಾನಪಾ."

"ಖರೇ ಮಾತ್ರಿ. ನಮ್ಮ ಬಸವಣ್ಣಾರೂ ಅದನ್ನ ಹೇಳ್ಯಾರ."

"ಯೇಸು ನಮ್ಮ ಪಾಪಕ್ಕಾಗಿ ಸತ್ತ."

"ಭಾಳ ದೊಡ್ಡಾವ್ರು ಬಿಡ್ರಿ ಅವ್ರು. ಅಲ್ನೋಡ್ರಿ."

ಕತ್ತರಿ ತೋರಿಸಿದ ಕಡೆ ನೋಡಿದೆ. ಕನ್ನಡಿಯ ಮೇಲೆ ಒಂದು ಬದಿಗೆ ಬಸವಣ್ಣ, ಇನ್ನೊಂದು ಬದಿಗೆ ಸಿದ್ಧಾರೂಢರು, ನಡುವೆ ಕ್ರಿಸ್‌ಮಸ್‌ಗೆ ಮಾಸ್ತರೇ ಕೊಟ್ಟಿದ್ದ ಯೇಸುವಿನ ಕ್ಯಾಲೆಂಡರ್. ಮೂವರಿಗೂ ಸೇರಿ ಒಂದೇ ಊದಿನಕಡ್ಡಿ.

"ಅಲ್ಲಪಾ, ಯೇಸು ಒಬ್ಬನ ದಾರಿ ಅಂತ ನಾ ಹೇಳಾಕತ್ತೇನಿ..."

"ಹೌದ್ರಿ, ದಾರಿ ಬೇಕ ಬೇಕಲ್ರಿ. ಚೂರು ಕುತ್ತಿಗಿ ಬಗ್ಗಸ್ರಿ."

ಮಾಸ್ತರು ಬಗ್ಗಿಸಿದರು.

ಅವರ ಅಂಗಿಯ ಕಿಸೆಯಲ್ಲಿ ಒಂದು ನೋಟ್‌ಬುಕ್ ಇದೆ. ಜನ ಎತ್ತಬಹುದಾದ ಆಕ್ಷೇಪಣೆಗಳು ಎಡಕ್ಕೆ ಕೆಂಪು ಶಾಯಿಯಲ್ಲಿ, ಉತ್ತರಗಳು ಬಲಕ್ಕೆ ನೀಲಿಯಲ್ಲಿ, ಕೆಳಗೆ ವಚನದ ಆಧಾರ. ಅಕ್ಷರ ಮುತ್ತಿನಂತಿದೆ. ಇಷ್ಟು ವರ್ಷಗಳಲ್ಲಿ ಒಂದು ಆಕ್ಷೇಪಣೆಯನ್ನೂ ಯಾರೂ ಎತ್ತಿಲ್ಲ. ಆದ್ದರಿಂದ ಗದಗ-ಬೆಟಗೇರಿ ಕಡೆ ಬರುವ ಓದುಗರಲ್ಲಿ ಒಂದು ವಿನಂತಿ. ಬಸ್‌ಸ್ಟ್ಯಾಂಡಿನಲ್ಲಿ ಬಿಳಿ ಅಂಗಿಯ ಹಿರಿಯರೊಬ್ಬರು ಕುಡಿಯಲು ನೀರು ಕೇಳಿದರೆ ದಯವಿಟ್ಟು ಕೊಡಿ, ಆದರೆ ಅವರು ಹೇಳಿದ್ದಕ್ಕೆಲ್ಲ ಹೌದ್ರಿ ಅನ್ನಬೇಡಿ. ಸ್ವಲ್ಪ ಜಗಳ ತೆಗೆಯಿರಿ.