ಹನುಮವ್ವನ ಬಾಲ

ಯುನಿಸೆಕ್ಸ್ ಎಂಬ ಮಾತು ತೆಲಂಗಾಣದ ಗಡಿಯ ನಮ್ಮ ನಾರಾಯಣಪೇಟೆಗೆ ಬಂದದ್ದು ಸಲೂನಿನ ಬೋರ್ಡಿನ ಮೇಲೆ. ಗಂಡಸರಿಗೂ ಹೆಂಗಸರಿಗೂ ಒಂದೇ ಬಾಗಿಲು ಎಂದು ಅದರ ಅರ್ಥವಂತೆ. ಆ ಬಾಗಿಲಲ್ಲಿ ಒಳಗೆ ಹೋಗುವ ಗಂಡಸರನ್ನು ದಿನಾ ನೋಡುತ್ತೇನೆ, ಹೆಂಗಸರನ್ನು ಇನ್ನೂ ನೋಡಬೇಕಾಗಿದೆ. ಈಗ ಅದೇ ಮಾತು ಸಲೂನು ಬಿಟ್ಟು ತೊಟ್ಟಿಲಿಗೆ ಬಂದಿದೆ.

ಬಾಜೂ ಮನೆ ಅಕ್ಕನ ಮಗಳು ಹೈದರಾಬಾದಿನಲ್ಲಿ ಕಂಪ್ಯೂಟರ್ ಕೆಲಸದಾಕೆ, ಈಗ ಬಸುರಿ. ಹೆಣ್ಣಾದರೂ ನಡೆಯಬೇಕು, ಗಂಡಾದರೂ ನಡೆಯಬೇಕು, ಅಂಥ ಹೆಸರನ್ನು ಮೊದಲೇ ಆರಿಸಿಡೋಣ ಎಂದು ಗಂಡ ಹೆಂಡತಿ ಸೇರಿ ಒಂದು ಪಟ್ಟಿ ಮಾಡಿ ಅಕ್ಕನ ಫೋನಿಗೆ ಕಳಿಸಿದ್ದಾರೆ. ಪಟ್ಟಿ ಪೂರಾ ಆಫ್ರಿಕಾದ್ದು. ಅಕ್ಕ ಕಂಪೌಂಡ್ ಗೋಡೆಯ ಮೇಲೆ ಮೆಣಸಿನಕಾಯಿ ಹರವುವುದನ್ನು ಅಷ್ಟಕ್ಕೇ ಬಿಟ್ಟು ಫೋನನ್ನು ನನ್ನ ಕಡೆ ಚಾಚಿದಳು.

“ಮಾಸ್ತರ್ರ, ಇವು ಏನ್ ಹೆಸರದಾವ ನೋಡ್ರಿ. ನನ್ನ ನಾಲಿಗಿ ಹೊಳ್ಳವಲ್ದು.”

ಮೊದಲನೆಯದು ಎಂಫೋ. ದಕ್ಷಿಣ ಆಫ್ರಿಕಾದ ಸೊಥೊ, ತ್ಸ್ವಾನಾ ಭಾಷೆಗಳಲ್ಲಿ ಹಾಗೆಂದರೆ ಕಾಣಿಕೆ, ಕೊಡುಗೆ. ದೇವರು ಕೊಟ್ಟ ಕೂಸು ಎಂಬ ಅರ್ಥದಲ್ಲಿ ಗಂಡಿಗೂ ಇಡುತ್ತಾರೆ, ಹೆಣ್ಣಿಗೂ ಇಡುತ್ತಾರೆ. ಜೋಹಾನ್ಸ್‌ಬರ್ಗ್ ಊರಿಗೆ ಎಂಫೋ ಪಾರ್ಕ್ಸ್ ಟಾವ್ ಎಂಬಾತ 2011ರಿಂದ 2016ರವರೆಗೆ ಮೇಯರ್ ಆಗಿದ್ದ. 2021ರಲ್ಲಿ ಅದೇ ಕುರ್ಚಿಗೆ ಎಂಫೋ ಫಲಾಟ್ಸೆ ಎಂಬಾಕೆ ಬಂದಳು. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಒಬ್ಬ ಮಗಳ ಹೆಸರೂ ಎಂಫೋ.

“ಹೌದೇನ್ರಿ? ನಮ್ಮ ದೇವಪ್ಪ, ದೇವಮ್ಮ ಇದ್ದಂಗ ಆತು,” ಎಂದಳು ಅಕ್ಕ.

ಎರಡನೆಯದು ತತೆಂಡಾ. ಇದನ್ನು ಓದಲು ನನಗೆ ಕಷ್ಟವಾಗಲಿಲ್ಲ, ಕ್ರಿಕೆಟ್ ನೋಡಿದವರಿಗೆ ಯಾರಿಗೂ ಆಗುವುದಿಲ್ಲ. ಜಿಂಬಾಬ್ವೆಯ ವಿಕೆಟ್ ಕೀಪರ್ ತತೆಂಡಾ ಟೈಬು 2004ರಲ್ಲಿ ನಾಯಕನಾದಾಗ ಅಷ್ಟು ಸಣ್ಣ ವಯಸ್ಸಿನ ನಾಯಕನನ್ನು ಟೆಸ್ಟ್ ಕ್ರಿಕೆಟ್ ಅಲ್ಲಿಯವರೆಗೆ ಕಂಡಿರಲಿಲ್ಲ. ಶೋನಾ ಭಾಷೆಯಲ್ಲಿ ತತೆಂಡಾ ಎಂದರೆ ‘ನಿನ್ನ ಉಪಕಾರ ನೆನೆದೆವಪ್ಪಾ’ ಎಂದು ದೇವರಿಗೆ ಹೇಳಿದ ಹಾಗೆ. ತೆಂಡಾಯ್, ಫರಾಯ್ ಕೂಡ ಅದೇ ಜಾತಿಯವು: ಉಪಕಾರ ನೆನೆಯಿರಿ, ಹಿಗ್ಗಿರಿ ಎಂದು ಊರಿಗೇ ಹೇಳುವ ಹೆಸರುಗಳು. ಊರಿಗೆ ಹೇಳುವ ಮಾತಾದ ಮೇಲೆ ಕೂಸು ಹೆಣ್ಣಾದರೇನು, ಗಂಡಾದರೇನು!

“ಇದರಾಗ ಹೊಸಾದೇನದರೀ?” ಎಂದು ಅಕ್ಕ ಫೋನು ಇಸಿದುಕೊಂಡಳು. “ನಮ್ಮ ಅತ್ತಿ ಹೆಸರು ಹನುಮವ್ವ, ನಮ್ಮ ಮಾವನ ಹೆಸರು ಹನುಮಪ್ಪ. ಇಬ್ಬರಿಗೂ ಇದ್ದದ್ದು ಒಂದೇ ಹನುಮ. ಅದಕ್ಕ ಯುನಿಸೆಕ್ಸ್ ಅಂತ ಬೋರ್ಡ್ ಹಾಕ್ಕೊಂಡಿದ್ದಿಲ್ಲ, ಅಷ್ಟ.”

ಮಾತು ಖರೆ. ನಮ್ಮ ಸೀಮೆಯಲ್ಲಿ ಹೆಸರು ಎನ್ನುವುದು ಹೆಣ್ಣಿನದೂ ಅಲ್ಲ, ಗಂಡಿನದೂ ಅಲ್ಲ. ಅದು ಕೂಸನ್ನು ಕಾಯುವವರದು. ಕಾಯುವ ದೇವರು ಯಾವುದೋ ಅದು ಹೆಸರಿನ ಮೈ. ಅಪ್ಪ, ಅಮ್ಮ, ಅವ್ವ, ಅಣ್ಣ ಎಂಬುದು ಹಿಂದೆ ಸಿಕ್ಕಿಸುವ ಬಾಲ. ಮಕ್ತಲ್‌ನಲ್ಲಿ ಪಡಮಟಿ ಆಂಜನೇಯ ಇದ್ದಾನೆ, ಗದ್ವಾಲ್ ಕಡೆ ಕೃಷ್ಣೆಯ ದಂಡೆಯಲ್ಲಿ ಬೀಚುಪಲ್ಲಿ ಆಂಜನೇಯ ಇದ್ದಾನೆ. ಇಬ್ಬರ ನಡುವಿನ ಹಳ್ಳಿಗಳಲ್ಲಿ ಹನುಮನ ಹೆಸರಿಲ್ಲದ ಮನೆ ಹುಡುಕಬೇಕು. ಆಜನ್ಮ ಬ್ರಹ್ಮಚಾರಿ ದೇವರು, ಹೆಣ್ಣಿನ ನೆರಳು ಸೋಕಿಸಿಕೊಳ್ಳದವನು. ಅವನ ಹೆಸರಿಗೇ ಅಮ್ಮ ಸೇರಿಸಿ ಹನುಮಮ್ಮ ಎಂದು ಹೆಣ್ಣುಮಗಳನ್ನು ಕೂಗುತ್ತೇವೆ, ಆತ ಒಂದು ದಿನವೂ ತಕರಾರು ಎತ್ತಿಲ್ಲ. ಭೀಮನಿಂದ ಭೀಮವ್ವ, ನರಸಿಂಹನಿಂದ ನರಸಮ್ಮ. ತೆಲುಗಿನವರಂತೂ ರಾಮನನ್ನು ಮರ್ಯಾದೆಗೆ ರಾಮುಲು ಮಾಡಿ, ಅದಕ್ಕೆ ಮೇಲೊಂದು ಅಮ್ಮ ಜೋಡಿಸಿ ರಾಮುಲಮ್ಮ ಮಾಡಿದರು. 1997ರಲ್ಲಿ ವಿಜಯಶಾಂತಿ ರಾಮುಲಮ್ಮನಾಗಿ ನಟಿಸಿದ ಸಿನಿಮಾ ಬಂದ ಮೇಲೆ ಆ ಹೆಸರಿನ ಹೆಂಗಸಿನ ಎದುರು ದನಿ ಏರಿಸಲು ಗಂಡಸರು ಎರಡು ಸಲ ಯೋಚಿಸುವಂತಾಯಿತು.

ಇತ್ತ ದೇವಿಯರೂ ಕೈ ಬಿಗಿ ಹಿಡಿದವರಲ್ಲ. ಎಲ್ಲಮ್ಮನ ಹರಕೆಗೆ ಹುಟ್ಟಿದ ಗಂಡು ಎಲ್ಲಪ್ಪ, ಹುಲಿಗೆಮ್ಮನ ಹರಕೆಗೆ ಹುಟ್ಟಿದವನು ಹುಲಿಗೆಪ್ಪ. ಗದ್ವಾಲ್ ಹತ್ತಿರದ ಜಮ್ಮಿಚೇಡಿನ ಜಮ್ಮುಲಮ್ಮನಿಗೆ ನಡೆದುಕೊಳ್ಳುವವರಲ್ಲೂ ಇದೇ ರೀತಿ. ತಾಯಿಯ ಹೆಸರಿನಿಂದ ಅಮ್ಮ ಕಳಚಿ ಅಪ್ಪ ಹಚ್ಚಿದರೂ ತಾಯಿ ಮುನಿಯುವುದಿಲ್ಲ. ನಮ್ಮ ರೈಲು ಗಡಿ ದಾಟುವ ಕಡೆಯ ಕೃಷ್ಣಾ ಸ್ಟೇಷನ್ನನ್ನೇ ನೋಡಿ. ದೇವರು ಎಂದರೆ ಗಂಡು, ಹೊಳೆ ಎಂದರೆ ಹೆಣ್ಣು, ಹೆಸರು ಒಂದೇ.

“ಮೊಹರಮ್ ಹೇಳ್ರಿ, ಮರತ್ರಲ್ಲ,” ಎಂದಳು ಅಕ್ಕ. ಅಲಾಯಿ ಕುಣಿ ಮುಂದೆ ಬೇಡಿಕೊಂಡು ಪಡೆದ ಕೂಸು ಹಿಂದೂಗಳ ಮನೆಯದಾದರೂ ಹುಸೇನಪ್ಪ, ಇಲ್ಲವೆ ಹುಸೇನಮ್ಮ. ಬಾಯಿ ಮಾತಿನಲ್ಲಿ ಉಸೇನಪ್ಪ. ಫಕೀರಪ್ಪ, ಫಕೀರಮ್ಮರೂ ಹಾಗೆಯೇ. ಹುಸೇನ್ ಎಂಬ ಮೈಗೆ ಅಪ್ಪ ಎಂಬ ಕನ್ನಡದ ಬಾಲ. ಗಂಡು ಹೆಣ್ಣು ಎಂಬ ಗೋಡೆಯನ್ನು ದಾಟುವ ಹೆಸರಿನ ಬಗ್ಗೆ ಪೇಟೆಯವರು ಹೊಸದಾಗಿ ಮಾತಾಡುತ್ತಿದ್ದಾರೆ. ನಮ್ಮ ಉಸೇನಪ್ಪ ಅದಕ್ಕಿಂತ ಎತ್ತರದ ಗೋಡೆಯನ್ನು ಅಂಬೆಗಾಲಿನಲ್ಲೇ ದಾಟಿ ಬಂದವನು.

ಬಾಲವೂ ಎಲ್ಲ ಕಡೆ ಒಂದೇ ಥರ ಇಲ್ಲ. 1956ರವರೆಗೆ ಗದ್ವಾಲ್ ತಾಲೂಕು ರಾಯಚೂರು ಜಿಲ್ಲೆಯಲ್ಲೇ ಇತ್ತು. ರಾಜ್ಯಗಳ ಹಂಚಿಕೆಯಾದಾಗ ಮಹಬೂಬ್‌ನಗರಕ್ಕೆ ಸೇರಿತು, ಈಗ 2016ರಿಂದ ತಾನೇ ಒಂದು ಜಿಲ್ಲೆ. ರಾಯಚೂರಿನಲ್ಲಿ ಹನುಮಂತಪ್ಪನಾಗಿ ಉಳಿದವನು ಗದ್ವಾಲ್‌ನಲ್ಲಿ ಹನುಮಂತು ಆದ, ಆಂಜನೇಯುಲು ಆದ. ತೆಲುಗಿನ ಈ ‘ಲು’ ಮಜಾ. ಹುಡುಗ ಒಬ್ಬನೇ ಬಂದು ಕೂತಿರುತ್ತಾನೆ, ಹಾಜರಿ ಪುಸ್ತಕದಲ್ಲಿ ಮಾತ್ರ ಬಹುವಚನ.

ಬಾಲಕ್ಕೂ ವಯಸ್ಸಿದೆ. ಓಣಿಯಲ್ಲಿ ಗೋಲಿ ಆಡುವಾಗ ಹನುಮ್ಯಾ. ಸಾಲೆಗೆ ಹಚ್ಚಿದರೆ ಹನುಮಂತ. ಮದುವೆಯಾಗಿ, ಎರಡು ಎಕರೆ ಹತ್ತಿ ಹೊಲಕ್ಕೆ ಯಜಮಾನನಾಗಿ, ಊರ ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕೂಡ್ರುವ ಹೊತ್ತಿಗೆ ಹನುಮಂತಪ್ಪ. ಹೆಣ್ಣಾದರೆ ಹನುಮಿ. ಲಂಗ ಬಿಟ್ಟು ಸೀರೆಗೆ ಬಂದ ಮೇಲೆ ಹನುಮವ್ವ. ಸಾಲ ಕೇಳಲು ಬಂದವರ ಬಾಯಲ್ಲಿ ಮಾತ್ರ ಬಾಲ ಅವಸರದಲ್ಲಿ ಬೆಳೆಯುತ್ತದೆ. ನಿನ್ನೆಯ ಹನುಮ್ಯಾ ಇವತ್ತು ಏಕದಂ ಹನುಮಂತಪ್ಪ ಸಾಹುಕಾರ.

“ಆಫ್ರಿಕಾದಾಗ ಬಾಲ ಇಲ್ಲೇನ್ರಿ?”

ಇದೆ, ಕೆಲವರು ಅದನ್ನು ಮುಂದೆ ಹಚ್ಚಿಕೊಳ್ಳುತ್ತಾರೆ ಎಂದೆ. ಕೀನ್ಯಾದಲ್ಲಿ ಕಲೆಂಜಿನ್ ಎಂಬ ಜನ ಇದ್ದಾರೆ, ಓಟದ ಸ್ಪರ್ಧೆಗಳಲ್ಲಿ ಪದಕ ಬಾಚುವವರು. ಅವರಲ್ಲಿ ಗಂಡಿಗೆ ‘ಕಿಪ್’, ಹೆಣ್ಣಿಗೆ ‘ಚೆಪ್’ ಅಥವಾ ‘ಚೆ’. ಮಳೆ ಬರುವಾಗ ಹುಟ್ಟಿದ ಗಂಡು ಕಿಪ್ರಾಪ್, ಹೆಣ್ಣು ಚೆರಾಪ್. ಒಲಿಂಪಿಕ್ ಮ್ಯಾರಥಾನ್ ಎರಡು ಸಲ ಗೆದ್ದ ಕಿಪ್ಚೋಗೆಯ ಹೆಸರಿನ ಮುಂದಿರುವುದೂ ಆ ಕಿಪ್ಪೇ. ಅದೇ ದೇಶದ ಲುವೊ ಜನ ಇನ್ನೂ ಚುಟುಕಾಗಿ ಮುಗಿಸುತ್ತಾರೆ. ಗಂಡಿಗೆ ‘ಒ’, ಹೆಣ್ಣಿಗೆ ‘ಅ’. ರಾತ್ರಿ ಹುಟ್ಟಿದರೆ ಅವನು ಒಟಿಯೆನೊ, ಅವಳು ಅಟಿಯೆನೊ. ಅಮೆರಿಕದ ಅಧ್ಯಕ್ಷನಾಗಿದ್ದ ಒಬಾಮನ ತಂದೆ ಈ ಲುವೊ ಜನದವರು. ಘಾನಾದ ಅಕಾನ್ ಜನರಿಗೆ ವಾರವೇ ಹೆಸರು. ಶುಕ್ರವಾರದ ಗಂಡು ಕೋಫಿ, ಹೆಣ್ಣು ಅಫುವಾ. ವಿಶ್ವಸಂಸ್ಥೆಯ ಕೋಫಿ ಅನ್ನಾನ್ ಹುಟ್ಟಿದ ವಾರ ಯಾವುದು ಎಂದು ಯಾರೂ ಕೇಳಬೇಕಾಗಿಲ್ಲ.

“ಶನಿವಾರ ಹುಟ್ಟಿದ್ರ ಹನುಮ, ಸೋಮವಾರ ಹುಟ್ಟಿದ್ರ ಮಲ್ಲ. ನಾವೇನ್ ಬ್ಯಾರೆ ಮಾಡ್ತೀವಿ?” ಅಕ್ಕನಿಗೆ ಈಗ ಆಫ್ರಿಕಾ ಮುಂದಿನ ಓಣಿಯಷ್ಟು ಹತ್ತಿರ ಬಂದಿತ್ತು. ಅದು ದೂರವಾಗಿ ಇದ್ದದ್ದಾದರೂ ಯಾವಾಗ! ಗದ್ವಾಲ್‌ನಿಂದ ಕೃಷ್ಣೆ ದಾಟಿದರೆ ವನಪರ್ತಿ. ಅಲ್ಲಿಯ ಸಂಸ್ಥಾನದ ರಾಜರು ಆಫ್ರಿಕಾದ ಸಿಪಾಯಿಗಳ ಪಡೆ ಕಟ್ಟಿದ್ದರು, ಮುಂದೆ ಅದು ನಿಜಾಮರ ಫೌಜಿಗೆ ಸೇರಿತು. ಹೈದರಾಬಾದಿನ ಎ.ಸಿ. ಗಾರ್ಡ್ಸ್ ಎಂಬ ಮೊಹಲ್ಲಾದ ಹೆಸರಿನಲ್ಲಿ ಆ ಆಫ್ರಿಕನ್ ಕ್ಯಾವಲ್ರಿ ಈಗಲೂ ಇದೆ. ಹೆಸರು ಕೇಳಿದ ಹೊಸಬರು ಏರ್ ಕಂಡೀಷನ್‌ಗೂ ಕಾವಲುಗಾರರು ಇರುತ್ತಾರೇನೋ ಎಂದುಕೊಳ್ಳುತ್ತಾರೆ.

ಪಟ್ಟಿಯ ಕೊನೆಯಲ್ಲಿ ನೈಜೀರಿಯಾದ ಯೊರುಬಾ ಜನರ ಹೆಸರುಗಳಿದ್ದವು. ಅವಳಿ ಹುಟ್ಟಿದರೆ ಮೊದಲು ಹೊರಬಂದದ್ದು ತೈವೊ, ಹಿಂದೆ ಬಂದದ್ದು ಕೆಹಿಂದೆ. ಗಂಡಾದರೂ ಸರಿ, ಹೆಣ್ಣಾದರೂ ಸರಿ. ಕೆಹಿಂದೆ ಎಂದಾಗ ಅಕ್ಕ ನಕ್ಕಳು, ಹಿಂದೆ ಬಂದವರಿಗೆ ಕನ್ನಡದಲ್ಲೇ ಇಟ್ಟಂಗದ ಎಂದು. ಅದರ ಕೆಳಗಿನದನ್ನು ಓದಿದಾಗ ನಗಲಿಲ್ಲ. ಮಲೊಮೊ: ಇನ್ನು ಹೋಗಬೇಡ. ದುರೊಜಾಯೆ: ನಿಲ್ಲು, ಬಾಳನ್ನು ಉಣ್ಣು. ಒಂದರ ಹಿಂದೊಂದು ಕೂಸು ಕಳಕೊಂಡ ಮನೆಯಲ್ಲಿ, ಹೋದದ್ದೇ ಮತ್ತೆ ಮತ್ತೆ ಹುಟ್ಟಿ ಬಂದು ಹೋಗುತ್ತಿದೆ ಎಂದು ನಂಬಿ, ಮುಂದೆ ಹುಟ್ಟಿದ್ದಕ್ಕೆ ಇಂಥ ಹೆಸರಿಡುತ್ತಿದ್ದರು.

“ನಮ್ಮ ಆಯಿ ತಿಪ್ಪಮ್ಮ,” ಎಂದಳು ಅಕ್ಕ, ಮೆಣಸಿನಕಾಯಿಯ ತೊಟ್ಟು ಮುರಿಯುತ್ತ. “ಆಕಿಗಿಂತ ಮೊದಲ ಹುಟ್ಟಿದವು ಒಂದೂ ಉಳೀಲಿಲ್ಲಂತ. ಈಕಿ ಹುಟ್ಟಿದ ಕೂಡ್ಲೆ ಮೊರದಾಗ ಹಾಕಿ ತಿಪ್ಪಿ ಮ್ಯಾಲ ಇಟ್ಟು, ಬಾಜೂ ಮನಿ ಮುತ್ತೈದಿ ಕಡಿಂದ ಎತ್ತಿಸಿಕೊಂಡು ಬಂದ್ರಂತ. ತಿಪ್ಪ್ಯಾಗ ಸಿಕ್ಕದ್ದು ಯಾರಿಗೆ ಬೇಕಾಗ್ಯಾದ ಅಂತ ಸಾವು ಹೊಳ್ಳಿ ಹೋಗಲಿ ಅಂತ. ಎಂಬತ್ತು ದಾಟಿ ಬದುಕಿದಳು, ಮಾಸ್ತರ್ರ.”

ತಿಪ್ಪಣ್ಣ, ತಿಪ್ಪಮ್ಮರು ನಮ್ಮಲ್ಲಿ. ಪೆಂಟಯ್ಯ, ಪೆಂಟಮ್ಮರು ತೆಲುಗಿನಲ್ಲಿ. ಪೆಂಟ ಎಂದರೂ ತಿಪ್ಪೆಯೇ. ಯೊರುಬಾ ತಾಯಿ ಕೂಸಿಗೆ ಕೈಮುಗಿದು ನಿಲ್ಲು ಎಂದಳು, ನಮ್ಮ ತಾಯಿ ಸಾವಿಗೆ ಸುಳ್ಳು ಹೇಳಿದಳು. ಉಳಿಯುತ್ತದೋ ಇಲ್ಲವೋ ಎಂದು ಕಾಯುವ ಮನೆಯಲ್ಲಿ ಹೆಣ್ಣೋ ಗಂಡೋ ಎಂಬ ಪ್ರಶ್ನೆ ಎರಡನೆಯದು.

ಹಾಗಂತ ಬಾಲ ಬೇಡವೆಂದು ಕಡಿದು ಹಾಕಿದರೂ ಫಜೀತಿ. ನಮ್ಮ ಓಣಿಯ ಒಬ್ಬ ಮುದುಕಿಯ ಕಾಗದ ತಗೊಂಡು ನಾನು ಒಂದು ಕಚೇರಿಗೆ ಹೋಗಿದ್ದೆ. ಯಾರೋ ಹಿಂದೆ ಟೈಪು ಮಾಡುವಾಗ ಆಕೆಯ ಹೆಸರಿನ ‘ಮ್ಮ’ ನುಂಗಿ ಬರೀ ಹನುಮ ಮಾಡಿದ್ದರು. ಹನುಮ ಎಂದ ಮೇಲೆ ಗಂಡಸೇ ಎಂದು ಮುಂದಿನವರು ಆ ಚೌಕಕ್ಕೂ ಗುರುತು ಹಾಕಿದ್ದರು. ಆಕೆ ಕೇಳಲು ಬಂದದ್ದು ವಿಧವಾ ಪಿಂಚಣಿ. ಮೇಜಿನ ಆಚೆಯವರು ಕಂಪ್ಯೂಟರ್ ನೋಡಿದರು, ಮುದುಕಿಯನ್ನು ನೋಡಿದರು, ಮತ್ತೆ ಕಂಪ್ಯೂಟರನ್ನೇ ನಂಬಿದರು. ‘ಗಂಡಸರಿಗೆ ಇದು ಬರುವುದಿಲ್ಲ’ ಎಂದು ತೆಲುಗಿನಲ್ಲಿ ಹೇಳಿದರು. ಮುದುಕಿ ಸೆರಗು ಸರಿ ಮಾಡಿಕೊಂಡು ಕನ್ನಡದಲ್ಲಿ ಕೇಳಿದಳು: “ಹಂಗಾರ ನನಗ ಸತ್ತದ್ದು ಯಾರು, ಗಂಡನೋ ಹೆಂಡ್ತಿನೋ? ಅದನ್ನಾರ ಬರಕೊಡ್ರಿ.” ಆ ಒಂದಕ್ಷರ ವಾಪಸು ಬರಲು ಫೋಟೋ, ಅರ್ಜಿ, ಸಾಕ್ಷಿ, ಸಹಿ ಎಂದು ಬಹಳ ಓಡಾಟವಾಯಿತು. ಓಣಿಯಲ್ಲಿ ಹನುಮ ಎಂದರೆ ಎದುರಿಗೆ ನಿಂತ ಮನುಷ್ಯ ಯಾರೆಂದು ಕಾಣುತ್ತದೆ. ಕಾಗದಕ್ಕೆ ಕಣ್ಣಿಲ್ಲ, ಅದಕ್ಕೆ ಬಾಲವೇ ಗುರುತು.

ಇದನ್ನು ಹೇಳಿ, ಮಗಳಿಗೆ ವಿಚಾರ ಮಾಡಿ ಹೆಸರಿಡಲು ಹೇಳ್ರಿ ಅಕ್ಕಾ ಎಂದೆ. ಆಕೆ ನನ್ನ ಎಚ್ಚರಿಕೆಗೆ ಸೊಪ್ಪು ಹಾಕಲಿಲ್ಲ.

“ಆಕಿ ಏನರ ಇಡವಲ್ಲಳ್ಯಾಕ. ಹೈದರಾಬಾದಿನ ಸರ್ಟಿಫಿಕೇಟಿನ್ಯಾಗ ಎಂಫೋ ಅಂತ ಇರಲಿ. ಸೂಟಿಗೆ ಇಲ್ಲಿ ಬಂದಾಗ ಹೆಣ್ಣಾದ್ರ ಎಂಪವ್ವ, ಗಂಡಾದ್ರ ಎಂಪಣ್ಣ. ಓಣ್ಯಾಗಿನ ಮಂದಿ ಬಾಲ ಹಚ್ಚಲಾರದ ಬಿಡ್ತಾರೇನು?”

ಬಿಡುವುದಿಲ್ಲ. ತೊಟ್ಟಿಲ ಕಾರ್ಯದಲ್ಲಿ ಹೇಗೂ ಒಂದೇ ಹೆಸರಿಗೆ ಮುಗಿಯುವುದಿಲ್ಲವಲ್ಲ. ಮನೆದೇವರದೊಂದು, ಹಿರಿಯರದೊಂದು, ತಾಯಿ ತಂದೆ ಮೆಚ್ಚಿದ್ದೊಂದು. ಎಂಫೋ ಜೊತೆಗೆ ಹನುಮನೂ ಒಂದು ಮೂಲೆಯಲ್ಲಿ ಸೇರಿಕೊಳ್ಳುತ್ತಾನೆ, ಅವನಿಗೆ ಜಾಗ ಬಹಳ ಬೇಡ. ಫಜೀತಿ ಇರುವುದು ಸೋದರತ್ತೆಯದು. ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವಾಗ ಸುತ್ತ ನೆರೆದ ಹೆಂಗಸರೆಲ್ಲ ಆಕೆಯ ಬೆನ್ನಿಗೆ ಗುದ್ದುವುದು ಪದ್ಧತಿ. ಮಲ್ಲಮ್ಮ, ಬಸಪ್ಪ ಎಂದಾದರೆ ಬೇಗ ಹೇಳಿ ಬೆನ್ನು ಉಳಿಸಿಕೊಳ್ಳಬಹುದು. ಎಂಫೋ ನೆಟ್ಟಗೆ ಬರುವ ತನಕ ಗುದ್ದು ನಿಲ್ಲುವುದಿಲ್ಲ. ಅಕ್ಕನ ಅಳಿಯನ ತಂಗಿ ಇರುವುದು ಮಕ್ತಲ್‌ನಲ್ಲಿ. ಆಕೆ ಇವತ್ತಿನಿಂದಲೇ ಬಾಯಿಪಾಠ ಸುರು ಮಾಡಲಿ ಎಂದು ಅಕ್ಕ ಅಲ್ಲೇ ನಿಂತು ಫೋನು ಹಚ್ಚಿದಳು.