ಎರಡು ತಕ್ಕಡಿಗಳ ಶಾಸ್ತ್ರ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹೆತ್ತವರ ಶಿಶುಜ್ಞಾನವು ಎರಡು ತಕ್ಕಡಿಗಳನ್ನು ಅವಲಂಬಿಸಿದೆ: ಹರಕೆಯ ಮಗುವನ್ನು ಬೆಲ್ಲಕ್ಕೋ ತೆಂಗಿನಕಾಯಿಗೋ ಸಮನಾಗಿ ತೂಗುವ ಧರ್ಮಸ್ಥಳದ ತುಲಾಭಾರದ್ದು ಒಂದು, 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಮೂಲಕ ಊರೂರಿಗೆ ಬಂದ ಅಂಗನವಾಡಿಯದು ಇನ್ನೊಂದು. ಮೊದಲನೆಯದರಲ್ಲಿ ಮಗು ಹಗುರವಾದರೆ ಖರ್ಚು ಉಳಿಯಿತೆಂದು ಒಳಗೊಳಗೇ ಸಮಾಧಾನಪಡುವ ತಂದೆಯು, ಅದೇ ಹಗುರತನವು ಬೆಳವಣಿಗೆಯ ನಕ್ಷೆಯಲ್ಲಿ, ಎಂದರೆ ವಯಸ್ಸಿಗೆ ತಕ್ಕ ತೂಕವನ್ನು ಗೆರೆಗಳಲ್ಲಿ ತೋರಿಸುವ ಹಾಳೆಯಲ್ಲಿ, ಕೆಳಗಿಳಿದು ಕಂಡೊಡನೆ ಅಂಗನವಾಡಿಯ ತಕ್ಕಡಿಯೇ ಸರಿಯಿಲ್ಲವೆಂದು ವಾದಿಸುತ್ತಾನೆ.

ತೂಕಕ್ಕೆ ಸಿಗದ ವಿಕಾಸ, ಅಂದರೆ ಕೂರುವ, ನಡೆಯುವ, ಮಾತಾಡುವ ಸಾಮರ್ಥ್ಯ, ಇನ್ನೂ ತಂಟೆಯದು. ಅದಕ್ಕಿರುವ ಏಕೈಕ ಅಳತೆಗೋಲು ನೆರೆಮನೆಯ ಮಗು. ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಮಾನದಂಡದಂತೆ ಆರೋಗ್ಯವಂತ ಮಕ್ಕಳು ಸುಮಾರು 8ರಿಂದ 17.6 ತಿಂಗಳೊಳಗೆ ಯಾವಾಗಲಾದರೂ ಆಸರೆಯಿಲ್ಲದೆ ನಡೆಯತೊಡಗುತ್ತಾರೆ. ಇಷ್ಟು ಉದಾರವಾದ ಗಡುವನ್ನು ಒಪ್ಪದ ಅಜ್ಜಿಯು, ತನ್ನ ಮಗ ಒಂಬತ್ತನೆಯ ತಿಂಗಳಲ್ಲೇ ಅಂಗಳ ದಾಟಿದ್ದನೆಂಬ, ಸಾಕ್ಷಿಗಳಾರೂ ಉಳಿದಿರದ ದಾಖಲೆಯನ್ನು ಮುಂದಿಡುತ್ತಾಳೆ. ಮನೆಯಲ್ಲಿ ತುಳು, ಅಂಗನವಾಡಿಯಲ್ಲಿ ಕನ್ನಡ, ಮೊಬೈಲಿನಲ್ಲಿ ಇಂಗ್ಲಿಷ್ ಕೇಳುವ ಮಗು ಕೆಲಕಾಲ ಮೂರನ್ನೂ ಬೆರೆಸಿ ಆಡುವುದು ಸಹಜವೆಂದು ಭಾಷಾತಜ್ಞರು ಹೇಳಿದರೂ ಹೆತ್ತವರ ಆತಂಕ ತಗ್ಗುವುದಿಲ್ಲ. ನೆಂಟರೆದುರು ಅದು ಬೈಗುಳವೊಂದನ್ನು ಕಲಬೆರಕೆಯಿಲ್ಲದ ಶುದ್ಧ ತುಳುವಿನಲ್ಲಿ ಆಡಿದಾಗಲಂತೂ ಆತಂಕ ಇಮ್ಮಡಿಯಾಗುತ್ತದೆ.