ಒಟಿಪಿ ಎಂಬ ಏಳನೆಯ ಪ್ರಮಾಣ

ಸರ್ವರ್ ಡೌನ್ ಇದ್ದ ಕಾರಣ ಮಂಗಳಾಚರಣೆಯನ್ನು ಕೈಬಿಡಲಾಗಿದೆ.

ಒಂದು ಸಂಗತಿ ನಿಜವೆಂದು ಅರಿಯುವ ಬಗೆ ಹೇಗೆ? ಚಾರ್ವಾಕರು ಪ್ರತ್ಯಕ್ಷವೊಂದೇ ಸಾಕೆಂದರು. ನೈಯಾಯಿಕರು ಅನುಮಾನ, ಉಪಮಾನ, ಶಬ್ದಗಳನ್ನು ಸೇರಿಸಿ ನಾಲ್ಕು ಮಾಡಿದರು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅರ್ಥಾಪತ್ತಿ, ಅನುಪಲಬ್ಧಿಗಳನ್ನು ಕೂಡಿಸಿ ಆರಕ್ಕೆ ನಿಲ್ಲಿಸಿದರು. ಅವರಲ್ಲಿ ಯಾರ ಬಳಿಯೂ ಮೊಬೈಲ್ ಇರಲಿಲ್ಲವಾದ್ದರಿಂದ ಏಳನೆಯದು ಹೊಳೆಯದೆ ಹೋದದ್ದು ಕ್ಷಮ್ಯ.

ಈ ಪ್ರಬಂಧದ ಪರೀಕ್ಷಾವಸ್ತು ಪಿಂಚಣಿದಾರ. 2014ರ ನವೆಂಬರ್ 10ರಂದು ಕೇಂದ್ರ ಸರ್ಕಾರ 'ಜೀವನ್ ಪ್ರಮಾಣ್' ಎಂಬ ಡಿಜಿಟಲ್ ವ್ಯವಸ್ಥೆಯನ್ನು ಆರಂಭಿಸಿತು. ಪ್ರತಿ ನವೆಂಬರ್‌ನಲ್ಲೂ ತಾವು ಬದುಕಿದ್ದೇವೆಂದು ಸಾಧಿಸಬೇಕಾದ ಹಿರಿಯರು ಬ್ಯಾಂಕಿಗೆ ಅಲೆಯದೆ ಮನೆಯಲ್ಲೇ ಸಾಧಿಸಲಿ ಎಂಬುದು ಆಶಯ. ಆಶಯ ಒಳ್ಳೆಯದೇ, ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ಎಂಬತ್ತು ದಾಟಿದವರಿಗೆ ಅಕ್ಟೋಬರಿನಿಂದಲೇ ಬದುಕಿರಲು ಅನುಮತಿಯಿದೆ.

ಪೂರ್ವಪಕ್ಷ: ಅಜ್ಜ ಕೌಂಟರಿನ ಮುಂದೆ ನಿಂತು ಕೆಮ್ಮುತ್ತಿರುವಾಗ ಪ್ರತ್ಯಕ್ಷವೇ ಸಾಲದೇ? ಸಾಲದು. ಆ ಕೆಮ್ಮು ಯಾರದೆಂಬುದು ಇನ್ನೂ ಸಿದ್ಧವಾಗಿಲ್ಲ. ಹಾಗಾಗಿ ಬೆರಳು ಇಡಿಸಬೇಕು. ಬೆರಳೋ, ರೈಲು ಹಳಿಯ ಜಲ್ಲಿ ಎತ್ತಿ ಎತ್ತಿ ಗೆರೆ ಸವೆದದ್ದು. ಯಂತ್ರ 'ಹೊಂದಿಕೆಯಾಗಿಲ್ಲ' ಅನ್ನುತ್ತದೆ. ಇದೇ ಅನುಪಲಬ್ಧಿ, ಕಾಣದ್ದರಿಂದ ಇಲ್ಲವೆಂದು ತಿಳಿಯುವುದು. ಶಾಸ್ತ್ರಕಾರರು ಇದಕ್ಕೆ ನೆಲದ ಮೇಲೆ ಇಲ್ಲದ ಗಡಿಗೆಯ ಉದಾಹರಣೆ ಕೊಡುತ್ತಿದ್ದರು. ನಾವು ಗಡಿಗೆಯ ಜಾಗದಲ್ಲಿ ಅಜ್ಜನನ್ನು ಇಟ್ಟಿದ್ದೇವೆ.

2021ರಿಂದ ಮುಖ ತೋರಿಸಿದರೂ ನಡೆಯುತ್ತದೆ. ಕಣ್ಣು ಮಿಟುಕಿಸಿ ಎಂದು ಫೋನು ಕೇಳುತ್ತದೆ. ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸಿದವರಿಗೆ ಇದು ಸುಲಭ: ಎಲ್ಲೆಲ್ಲಿ ಮಿಟುಕೋ ಅಲ್ಲಲ್ಲಿ ಜೀವ. ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿದವರಲ್ಲಿ ಈ ವ್ಯಾಪ್ತಿ ಕೆಡುತ್ತದೆ. ಅದನ್ನು ಟೀಕಾಕಾರರು ನೋಡಿಕೊಳ್ಳಲಿ.

ಅರ್ಥಾಪತ್ತಿಯ ವಿಷಯ ಇನ್ನೂ ಸೊಗಸು. ಶಾಸ್ತ್ರದ ಉದಾಹರಣೆಯಲ್ಲಿ, ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದೇ ಅರ್ಥ. ಹಗಲೆಲ್ಲ ತೆರೆಯದ ಪೋರ್ಟಲ್‌ನಲ್ಲಿ ಅರ್ಜಿಗಳು ತುಂಬಿವೆಯೆಂದರೆ ಸೈಬರ್ ಸೆಂಟರಿನ ಹುಡುಗ ರಾತ್ರಿ ಎದ್ದು ಕೂತಿದ್ದಾನೆ. ದೇವದತ್ತ ಯಾರೆಂಬುದು ಇಷ್ಟು ಶತಮಾನಗಳ ಮೇಲೆ ಪತ್ತೆಯಾಯಿತು.

ಬೆರಳೂ ಮುಖವೂ ಹೊಂದಬೇಕಾದ್ದು ಆಧಾರ್ ದಾಖಲೆಗೆ. ಆ ಸಂಖ್ಯೆಯ ಹನ್ನೆರಡನೆಯ ಅಂಕಿ ಉಳಿದ ಹನ್ನೊಂದಕ್ಕೆ ಸಾಕ್ಷಿ. ಡಚ್ ಗಣಿತಜ್ಞ ವೆರ್ಹೋಫ್ ಕೊಟ್ಟ ಸೂತ್ರವದು. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಹಿಡಿದುಬಿಡುತ್ತದೆ. ಹೆಸರಿಗೆ ಅಂಥ ಸೂತ್ರವಿಲ್ಲ. ಲಕ್ಷ್ಮಮ್ಮನನ್ನು ಇಂಗ್ಲಿಷಿನಲ್ಲಿ 'ಎಕ್ಸ್' ಹಾಕಿ ಬರೆಯುವ ಪಂಥ ಆಧಾರ್‌ನಲ್ಲಿ, 'ಕೆ-ಎಸ್-ಎಚ್' ಪಂಥ ಪಾಸ್‌ಬುಕ್ಕಿನಲ್ಲಿ. ಈ ದ್ವೈತ ಅಫಿಡವಿಟ್ಟಿನಿಂದಲೇ ನಿವಾರಣೆಯಾಗಬೇಕು.

ಈಗ ಸಿದ್ಧಾಂತ. ಜ್ಞಾನದ ಪ್ರಾಮಾಣ್ಯ ಸ್ವತಃ ಬರುತ್ತದೆಂದು ಮೀಮಾಂಸಕರೂ ಬೇರೆಡೆಯಿಂದ ಬರಬೇಕೆಂದು ನೈಯಾಯಿಕರೂ ಜಗಳವಾಡಿದರು. ಪೋರ್ಟಲ್ ಇಬ್ಬರನ್ನೂ ಸಮಾಧಾನಪಡಿಸಿದೆ: ಮೊಬೈಲಿಗೆ ಸ್ವತಃಪ್ರಾಮಾಣ್ಯ, ಮನುಷ್ಯನಿಗೆ ಪರತಃಪ್ರಾಮಾಣ್ಯ. ಆರಂಕಿಯ ಒಟಿಪಿ ಕೆಲವೇ ನಿಮಿಷ ಬದುಕುತ್ತದೆ, ಕ್ಷಣಿಕವಾದಿ ಬೌದ್ಧರಿಗೂ ಒಪ್ಪಿಗೆಯಾಗುವಂತೆ. ಆದರೂ ಎಪ್ಪತ್ತು ವರ್ಷ ಬದುಕಿದವರಿಗೆ ಅದೇ ಸಾಕ್ಷಿ. ನೋಂದಾಯಿತ ಸಿಮ್ ಮಗನ ಜೊತೆ ದುಬೈಗೆ ಹೋಗಿದ್ದರೆ ಅಪ್ಪ ಹಾವೇರಿಯಲ್ಲಿದ್ದೂ ದುಬೈಯಲ್ಲಿದ್ದಾನೆ. ಕ್ಯಾಪ್ಚಾದ 'ನಾನು ರೋಬೋ ಅಲ್ಲ' ಎಂಬುದು ಶುದ್ಧ ನೇತಿ ಮಾರ್ಗ. ಅಲ್ಲವೆಂದು ಒಪ್ಪಬೇಕಾದ್ದು ಮಾತ್ರ ಇನ್ನೊಂದು ಯಂತ್ರ.

ಆಧಾರ್ ಕುರಿತ ವಾದದ ಎರಡು ಪಕ್ಷಗಳಿಗೂ ಕರ್ನಾಟಕವೇ ತವರು ಎಂಬುದು ನಮ್ಮ ಹೆಮ್ಮೆ. ಆಧಾರ್ ನೀಡುವ ಪ್ರಾಧಿಕಾರದ ಮೊದಲ ಅಧ್ಯಕ್ಷ ನಂದನ್ ನಿಲೇಕಣಿ; ಆಧಾರನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2018ರ ಸೆಪ್ಟೆಂಬರ್ 26ರಂದು ಐವರ ಪೀಠ 4-1ರಿಂದ ಆಧಾರ್ ಕಾಯ್ದೆಯನ್ನು ಬಹುಪಾಲು ಎತ್ತಿಹಿಡಿಯಿತು. ಸರ್ಕಾರಿ ಸವಲತ್ತಿಗೆ ಅದನ್ನು ಕೇಳಬಹುದೆಂದಾಯಿತು.

ಇನ್ನು ಓದುಗರಲ್ಲಿ ಒಂದು ಬಿನ್ನಹ, ಇದು ಅಣಕವಲ್ಲ. ಅಧಿಕಾರಿಯ ಸಹಿಯಿರುವ ಕಾಗದದ ಜೀವಂತ ಪ್ರಮಾಣಪತ್ರ ಇನ್ನೂ ರದ್ದಾಗಿಲ್ಲ. ಮನೆಯ ಹಿರಿಯರ ಬೆರಳನ್ನೂ ಮುಖವನ್ನೂ ಯಂತ್ರ ಒಪ್ಪದಿದ್ದರೆ ವಾಪಸು ಬರಬೇಡಿ. ಆ ಕಾಗದದ ನಮೂನೆ ಕೊಡಿ ಎಂದು ಕೇಳಿ, ಅಲ್ಲೇ ತುಂಬಿಸಿ, ಸ್ವೀಕೃತಿ ಪಡೆದು ಬನ್ನಿ.